ಎಮರ್ಜೆನ್ಸಿ ಪೈಪಿನ ಸ್ಪಂಜು

ಮಾರ್ಚ್ 3, ಮಂಗಳವಾರ

ಹಲ್ಲಿನ ಕ್ಲಿನಿಕ್ಕಿನ ಟ್ಯಾಂಕು. ಗಾಜು ಒರೆಸಿದ್ದಾಯಿತು. ಫಿಲ್ಟರ್ ಬಟ್ಟೆ ಬದಲಾಯಿಸಿದ್ದಾಯಿತು. ಕಾಲು ಭಾಗ ನೀರು ತೆಗೆದು ಹೊಸದು ಹಾಕಿದ್ದಾಯಿತು. ಉಳಿದದ್ದು ವಾಲ್ವು. ಅದೊಂದಕ್ಕೇ ಮುಕ್ಕಾಲು ಗಂಟೆ. ಕಾಲು ಸುತ್ತು ತಿರುಗಿಸು, ಕಾಯು, ಕಿವಿಗೊಡು. ಮತ್ತೆ ಕೂದಲೆಳೆಯಷ್ಟು ತಿರುಗಿಸು, ಮತ್ತೆ ಕಾಯು.

ಕ್ಯಾಬಿನೆಟ್ಟಿನೊಳಗೆ ತಲೆ ತೂರಿಸಿಕೊಂಡು ಮಂಡಿಯೂರಿದ್ದೆ. ಹೊರಗೆ ನನ್ನ ಕಾಲು ಮಾತ್ರ ಕಾಣುತ್ತಿತ್ತೇನೋ. ಒಬ್ಬ ಪೇಷೆಂಟು ಆ ಕಾಲಿಗೇ ಹೇಳಿದ — "ಅಮ್ಮಾ, ಹಾಗೇ ಬಾತ್‌ರೂಮಲ್ಲೂ ಸ್ವಲ್ಪ ಒರೆಸಿಬಿಡಿ."

ಇರಲಿ. ಅವನಿಗೆ ಹಲ್ಲುನೋವು. ಡಾಕ್ಟರಿಗೆ ಏನು ನೋವು?

ಡಾಕ್ಟರು ಬಂದು ನಿಂತರು. "ಏನೋ ಸದ್ದು ಬರುತ್ತಲ್ಲಾ. ಬರೀ ಗುಳುಗುಳು. ನಿಮ್ಮೆಜಮಾನ್ರಿಗೆ ಹೇಳಿ."

ನಾನೇ ಹೇಳಿದೆ. "ಸರ್, ಮೇಲಿನ ಟ್ಯಾಂಕಿಂದ ನೀರು ತಾನಾಗೇ ಈ ಕೆಳಗಿನ ತೊಟ್ಟಿಗೆ ಇಳಿಯುತ್ತೆ. ಇದನ್ನೇ ಸಂಪ್ ಅನ್ನೋದು. ಇಲ್ಲಿಂದ ಪಂಪು ಅದನ್ನ ವಾಪಸ್ ಮೇಲಕ್ಕೆ ತಳ್ಳುತ್ತೆ. ಏರಿದಷ್ಟೇ ಇಳೀಬೇಕು. ನೀರು ಇಳಿಯೋ ದೊಡ್ಡ ಪೈಪಿನ ವಾಲ್ವ್ ಜಾಸ್ತಿ ತೆಗೆದ್ರೆ ಗಾಳಿ ಎಳ್ಕೊಂಡು ಗುಳುಗುಳು ಅನ್ನುತ್ತೆ. ಅದಕ್ಕೆ ಚೂರು ಬಿಗಿ ಮಾಡಿ, ಮಿಕ್ಕ ಒಂದೆಳೆ ನೀರನ್ನ ಈ ಪಕ್ಕದ ಎಮರ್ಜೆನ್ಸಿ ಪೈಪಿಗೆ ಬಿಡ್ತೀವಿ. ಇದು ಯಾವತ್ತೂ ತೆರೆದೇ ಇರ್ಬೇಕು. ದೊಡ್ಡದು ಕಟ್ಕೊಂಡ ದಿನ ಕಾಯೋದು ಇದೇ. ಈ ಸಣ್ಣ ಸದ್ದು ಅದರದ್ದೇ."

ಪೂರ್ತಿ ಕೇಳಿಸಿಕೊಂಡರು. ತಲೆಯಾಡಿಸಿದರು. ಆಮೇಲೆ — "ಸರಿ ಸರಿ. ಯಜಮಾನ್ರಿಗೆ ಒಂದ್ಸಲ ಬಂದು ನೋಡೋಕೆ ಹೇಳಿ."

ಅಷ್ಟು ಹೊತ್ತು ನಾನು ಗೋಡೆಗೆ ಹೇಳುತ್ತಿದ್ದೆನೇ?

ಮದುವೆಗೆ ಮೊದಲು ಆರು ವರ್ಷ ಪಂಪ್ ಕಾರ್ಖಾನೆಯ ಟೆಸ್ಟಿಂಗ್‌ನಲ್ಲಿದ್ದವಳು ನಾನು. ನೀರಿನ ಸದ್ದು ಕೇಳಿಯೇ ಎಷ್ಟು ಹರಿಯುತ್ತಿದೆ ಅಂತ ಹೇಳಬಲ್ಲೆ. ಇವರು ಮದುವೆಯಾದಾಗ ಬಣ್ಣದ ಮೀನು ಮಾರುತ್ತಿದ್ದರು, ಈಗಲೂ ಮಾರುತ್ತಾರೆ. ಟ್ಯಾಂಕು ಕೂರಿಸಿ ನೋಡಿಕೊಳ್ಳುವ ಕೆಲಸ ಶುರು ಮಾಡಿದ್ದು ನಾನು. ಬೋರ್ಡಿನ ಮೇಲೆ ಮಾತ್ರ ಇವರ ಹೆಸರು.

ಸಂಜೆ ಇವರಿಗೆ ಹೇಳಿದೆ. ಫೋನಿನಿಂದ ತಲೆ ಎತ್ತದೆ ಅಂದರು — "ಗಿರಾಕಿ ಏನಂದ್ರೂ ಹೂಂ ಅನ್ನು. ಪಾಠ ಮಾಡ್ಬೇಡ."

ಮಾರ್ಚ್ 9, ಸೋಮವಾರ

ಬೆಳಿಗ್ಗೆ ಎಂಟೂವರೆಗೆ ಕ್ಲಿನಿಕ್ಕಿನಿಂದ ಫೋನು. ಇಬ್ಬರೂ ಓಡಿದೆವು.

ಹಾಲ್ ತುಂಬ ನೀರು. ಮರದ ನೆಲ ಆಗಲೇ ಉಬ್ಬಿದೆ. ಕುರ್ಚಿಗಳ ಕಾಲು ನೀರಲ್ಲಿ. ಕೆಳಗಿನ ತೊಟ್ಟಿ ಖಾಲಿಯಾಗಿ ಪಂಪು ಒಣಗಿ ಓಡಿ ಓಡಿ ಸುಟ್ಟಿದೆ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಭಾನುವಾರ ಕ್ಲಿನಿಕ್ಕಿಗೆ ರಜೆ, ಯಾವಾಗ ಉಕ್ಕಿತೋ ನೋಡಿದವರಿಲ್ಲ.

ಇದಕ್ಕಿಂತ ಕೆಟ್ಟದ್ದು — ಮೊದಲು ಬಾಗಿಲು ತೆಗೆದದ್ದು ಕೌಂಟರ್ ಅಕ್ಕ. ಅಪಾಯಿಂಟ್‌ಮೆಂಟ್ ಬರೆಯುವವಳು, ನಾನು ಹೋದಾಗಲೆಲ್ಲ ತನ್ನ ಫ್ಲಾಸ್ಕಿನ ಟೀಯಲ್ಲಿ ಅರ್ಧ ಕೊಡುವವಳು. ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿದೆ. ನಾವು ಹೋಗುವಷ್ಟರಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದರು.

ಡಾಕ್ಟರು ಇವರ ಮುಂದೆ ನಿಂತು ಕೂಗಾಡಿದರು. "ಏನ್ರೀ ಇದು? ಪೇಷೆಂಟ್ ಬಿದ್ದಿದ್ರೆ?"

ಇವರು ಒಂದು ಕ್ಷಣವೂ ಯೋಚಿಸಲಿಲ್ಲ. "ಸಾರಿ ಸರ್. ಇವಳು ವಾಲ್ವ್ ಬಿಗಿ ಮಾಡಿ ಹಾಗೇ ಬಿಟ್ಟಿರ್ಬೇಕು. ಒಂದೊಂದ್ಸಲ ಮರೀತಾಳೆ."

ಮರೀತಾಳೆ! ಹದಿನಾಲ್ಕು ವರ್ಷದಲ್ಲಿ ಒಂದು ವಾಲ್ವು ಮರೆತಿದ್ದರೆ ತೋರಿಸಲಿ. ಕೈಯಲ್ಲಿ ನೆಲ ಒರೆಸುವ ಬಟ್ಟೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ನಾನು ಬಗ್ಗಿ ನೆಲ ಒರೆಸುತ್ತಿದ್ದೇನೆ.

ಎಲ್ಲ ಹೋದ ಮೇಲೆ ಮುಚ್ಚಳ ತೆಗೆದು ನೋಡಿದೆ. ದೊಡ್ಡ ಪೈಪಿನ ಜಾಲರಿಗೆ ಗಿಡದ ಎಲೆಗಳು ಅಂಟಿಕೊಂಡಿವೆ. ಅದು ಆಗುವಂಥದ್ದೇ, ಎಲ್ಲ ಟ್ಯಾಂಕಿನಲ್ಲೂ ಆಗುತ್ತದೆ. ಹಾಗಾದಾಗ ನೀರು ಎಮರ್ಜೆನ್ಸಿ ಪೈಪಿನಲ್ಲಿ ಇಳಿಯಬೇಕು. ಬೆರಳು ಹಾಕಿದೆ. ಮೆತ್ತಗೆ ಏನೋ ಸಿಕ್ಕಿತು. ಎಳೆದೆ.

ಸ್ಪಂಜು. ಬೆಣೆಯ ಹಾಗೆ ಒತ್ತಿ ತುರುಕಿದ್ದು.

ಪಂಪು ಮೇಲಕ್ಕೆ ತಳ್ಳುತ್ತಲೇ ಇದ್ದರೆ, ಇಳಿಯುವ ಎರಡು ದಾರಿಯೂ ಮುಚ್ಚಿದ್ದರೆ, ನೀರು ಹಾಲಿಗೆ ಬರದೆ ಎಲ್ಲಿಗೆ ಹೋಗಬೇಕು?

ಇವರಿಗೆ ತೋರಿಸಿದೆ. "ಬಿಡು. ಈಗ ಅದನ್ನೆಲ್ಲ ಎತ್ಬೇಡ. ಮೊದಲೇ ಸಿಟ್ಟಲ್ಲಿದ್ದಾರೆ" ಅಂದರು.

ಎತ್ತಬೇಡವಂತೆ. ಯಾರೋ ತುರುಕಿದ್ದು, ಹೆಸರು ಕೆಟ್ಟದ್ದು ನನ್ನದು. ನನಗೆ ಗೊತ್ತು ಯಾರ ಕೆಲಸ ಅಂತ. ದಿನವಿಡೀ ಟ್ಯಾಂಕಿನ ಪಕ್ಕದ ಕೌಂಟರಿನಲ್ಲಿ ಕೂತು ಸದ್ದು ಸದ್ದು ಅಂತ ಗೊಣಗುತ್ತಿದ್ದವರು ಒಬ್ಬರೇ.

ಮಾರ್ಚ್ 10, ಮಂಗಳವಾರ, ಮಧ್ಯಾಹ್ನ

ಕೌಂಟರ್ ಅಕ್ಕನ ಮನೆಗೆ ಹೋಗಿದ್ದೆ. ಬರೆಯಲು ನಾಚಿಕೆಯಾಗುತ್ತಿದೆ. ಬರೆಯುತ್ತೇನೆ.

ಮೂರನೇ ಮಹಡಿ. ಸಿಟ್ಟಿನಲ್ಲಿ ಮೆಟ್ಟಿಲು ಹತ್ತಿದ್ದೇ ಗೊತ್ತಾಗಲಿಲ್ಲ. ಅಕ್ಕ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ದಿಂಬಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ನಾನು ಕೂರಲೂ ಇಲ್ಲ. ಚೀಲದಿಂದ ಸ್ಪಂಜು ತೆಗೆದು ಹಿಡಿದೆ.

"ಇದನ್ನ ಪೈಪಿಗೆ ತುರುಕಿದ್ದು ನೀವೇನಾ? ಸದ್ದು ತಡೆಯೋಕಾಗದೆ?"

ಅಕ್ಕ ಸ್ಪಂಜು ನೋಡಿದಳು, ನನ್ನ ನೋಡಿದಳು. "ಬಾಗಿಲು ಬಡಿದಾಗ ನನ್ನ ನೋಡೋಕೆ ಬಂದ್ರಿ ಅಂದ್ಕೊಂಡೆ. ಬೈಯೋಕೆ ಬಂದ್ರಾ?"

ಸ್ಪಂಜು ಹಿಡಿದ ಕೈ ಇಳಿಸಿದೆ.

"ಬುಧವಾರ ನಿಮ್ಮೆಜಮಾನ್ರು ಬಂದಿದ್ರಲ್ಲ, ಅವರನ್ನ ಕೇಳಿ. ಐದು ನಿಮಿಷ ಇದ್ರು. ಮುಚ್ಚಳ ತೆಗೆದ್ರು, ಏನೋ ಒತ್ತಿದ್ರು, 'ನೋಡಿ ಸರ್, ಸದ್ದೇ ಇಲ್ಲ' ಅಂದ್ರು. ಡಾಕ್ಟ್ರು ಖುಷಿಯಾಗಿ ಬೆನ್ನು ತಟ್ಟಿದ್ರು. ನಾನೂ ಅಂದ್ಕೊಂಡೆ, ಪಾಪ ಇವಳು ಮುಕ್ಕಾಲು ಗಂಟೆ ಒದ್ದಾಡ್ತಾಳೆ, ಇವರು ಐದೇ ನಿಮಿಷದಲ್ಲಿ ಮುಗಿಸಿದ್ರಲ್ಲ ಅಂತ."

ಕೂತುಬಿಟ್ಟೆ. ಮಂಗಳವಾರ ನಾನು ಹೋಗಿದ್ದು. ಬುಧವಾರ ಇವರು. ನನಗೆ ಒಂದು ಮಾತೂ ಹೇಳಿರಲಿಲ್ಲ. ಡಾಕ್ಟರಿಗೂ ಗೊತ್ತಿತ್ತು ಕೊನೆಗೆ ಟ್ಯಾಂಕು ಮುಟ್ಟಿದವರು ಯಾರು ಅಂತ. ಆದರೂ ಅವರ ಲೆಕ್ಕದಲ್ಲಿ ಸರಿಮಾಡಿದವರು ಇವರು, ಕೆಡಿಸಿದವಳು ನಾನು!

"ತಪ್ಪಾಯ್ತು ಅಕ್ಕ," ಅಂದೆ.

"ನಿಮ್ಮದಲ್ಲದ್ದನ್ನ ನೀವು ಹೇಳ್ಬೇಡಿ. ಹೇಳ್ಬೇಕಾದವರು ಹೇಳ್ಲಿ."

"ಈಗ ಬಂದು ಕೂಗಾಡಿದ್ದು ನನ್ನದೇ ತಾನೆ."

"ಅದು ನಿಮ್ಮದೇ," ಅಂದಳು. ಎಡಗೈಯಲ್ಲಿ ಟೀ ಮಾಡಲು ಎದ್ದಳು. ಕೂರಿಸಿ ನಾನೇ ಮಾಡಿದೆ.

ಅದೇ ದಿನ, ಸಂಜೆ ಆರು

ಸ್ಪಂಜನ್ನು ಅವನ ಮುಂದೆ ಮೇಜಿನ ಮೇಲೆ ಇಟ್ಟೆ. — ಅವನ ಅಂತ ಬರೆದಿದ್ದೇನೆ. ಹೊಡೆದುಹಾಕುವುದಿಲ್ಲ. ಇವತ್ತಿಗೆ ಹಾಗೇ ಇರಲಿ.

"ಬುಧವಾರ ಕ್ಲಿನಿಕ್ಕಿಗೆ ಹೋಗಿದ್ರಾ?"

ಮೊದಲು ನೆನಪಿಲ್ಲ ಅಂದ. ಆಮೇಲೆ ನೆನಪಾಯಿತು. "ಸದ್ದು ಬರಬಾರದು ಅಂದ್ರು. ಸದ್ದು ನಿಲ್ಲಿಸಿದೆ. ನಿಂಗೆ ಕೇಳಿದ್ರೆ ಒಂದು ಗಂಟೆ ಪಾಠ. ಎಲೆ ಅಂಟುತ್ತೆ ಅಂತ ನಾನೇನು ಕನಸು ಕಂಡಿದ್ನಾ?"

"ನೀವು ಕಾಣ್ಬೇಕಿರ್ಲಿಲ್ಲ. ಅದಕ್ಕೇ ಆ ಪೈಪು ಇಟ್ಟಿರೋದು. ಹೋಗ್ಲಿ. ಗೊತ್ತಿದ್ದೂ ನನ್ನ ಹೆಸರು ಯಾಕೆ ಹೇಳಿದ್ರಿ?"

"ಗಂಡ ಹೆಂಡತಿ ಸೇರಿ ನಡೆಸೋ ಅಂಗಡಿ. ಯಾರು ಮಾಡಿದ್ರು ಅಂದ್ರೇನು?"

"ಯಾರಾದ್ರೇನು ಅನ್ನೋದಾದ್ರೆ ನೀವೇ ಅಂತ ಹೇಳ್ಬಹುದಿತ್ತಲ್ಲ!"

ಎದ್ದು ಫ್ಯಾನ್ ಜೋರು ಮಾಡಿದ.

ಅತ್ತೆ ಒಳಗಿಂದ ಬಂದರು. ಅವರು ಯಾವಾಗಲೂ ಮಗನ ಕಡೆ, ಆದ್ದರಿಂದ ನಾನು ಇನ್ನೊಂದು ಜಗಳಕ್ಕೆ ಸೆರಗು ಸಿಕ್ಕಿಸಿದೆ. ಅವರು ಮಗನನ್ನು ನೋಡಿ ಅಂದದ್ದು — "ನಿಮ್ಮಪ್ಪನೂ ಹೀಗೇ ಕಣೋ. ಮಾಡೋದು ತಾವು, ಅನ್ನಿಸ್ಕೊಳ್ಳೋದು ನಾನು. ಸಾಯೋವರೆಗೂ ಒಂದು ದಿನ ತಪ್ಪಾಯ್ತು ಅನ್ಲಿಲ್ಲ." ಟಿವಿ ಹಾಕಿಕೊಂಡು ಕೂತರು.

ಅವನಿಗೆ ಒಂದೇ ಮಾತು ಹೇಳಿದೆ. ಅಕ್ಕನ ಮುಂದೆ, ಡಾಕ್ಟರ ಮುಂದೆ ನೀವೇ ಹೇಳಬೇಕು. ಅಲ್ಲಿವರೆಗೆ ಕೆಲಸ ಮಾಡುತ್ತೇನೆ, ಅಡುಗೆ ಮಾಡುತ್ತೇನೆ, ಮಾತಿಲ್ಲ.

ಮಾರ್ಚ್ 12

ಮಾತಿಲ್ಲ. ಅಂಗಡಿಯಲ್ಲಿ ಚೀಟಿ ಬರೆದು ಇಡುತ್ತಿದ್ದೇನೆ. ಚೀಟಿಯಲ್ಲಿ ಕಾಗುಣಿತ ತಪ್ಪಿದೆ ಅಂತ ತೋರಿಸಿದರು. ಕಾಗುಣಿತ ಗೊತ್ತಾಗುತ್ತದೆ ಇವರಿಗೆ.

ಮಾರ್ಚ್ 16, ಸೋಮವಾರ

ಡಾಕ್ಟರ ಫೋನು. ಸ್ಪೀಕರಿನಲ್ಲಿತ್ತು. "ಬುಧವಾರ ಬಂದು ಸರಿಮಾಡಿ. ಇನ್ನೊಂದ್ಸಲ ಉಕ್ಕಿದ್ರೆ ಟ್ಯಾಂಕೇ ತೆಗೆಸಿಬಿಡ್ತೀನಿ. ಮೇಡಂ ಬೇಡ. ನೀವೇ ಬನ್ನಿ."

ಇವರು ನನ್ನ ಮುಖ ನೋಡಿದರು. ನಾನು ಪೈಪು ಕೊಯ್ಯುತ್ತಿದ್ದೆ. ಕೊಯ್ಯುತ್ತಲೇ ಇದ್ದೆ.

ಮಧ್ಯಾಹ್ನ ಒಂದು ಹೊಸ ಪಂಪು ತಂದಿಟ್ಟರು. ಸುಟ್ಟುಹೋದದ್ದರ ಎರಡರಷ್ಟು ದೊಡ್ಡದು. "ದೊಡ್ಡದಿದ್ರೆ ಒಳ್ಳೇದಲ್ವಾ?" ಅಂತ ಗಾಳಿಗೆ ಹೇಳಿದರು. ನನಗೆ ಮೈ ಉರಿಯಿತು. ಮೇಲೇರುವುದನ್ನು ದುಪ್ಪಟ್ಟು ಮಾಡಿದರೆ ಇಳಿಯುವ ಪೈಪಿನ ಬಾಯಿ ತಾನಾಗಿ ಅಗಲವಾಗುತ್ತದೆಯೇ? ಚೀಟಿ ಬರೆದೆ: ವಾಪಸ್ ಕೊಡಿ. ಹಳೆಯ ಸೈಜೇ ತನ್ನಿ.

ತಂದರು.

ಮಾರ್ಚ್ 18, ಬುಧವಾರ

ಹೋದೆ. ಬೇಡ ಅಂದರೂ ಹೋದೆ. ಡಾಕ್ಟರಿಗಾಗಿ ಅಲ್ಲ, ಮೀನುಗಳಿಗಾಗಿ. ಅವತ್ತು ನಾನು ಇಳಿಬಿಟ್ಟು ಬಂದ, ಗಾಳಿ ಬಿಡುವ ಒಂದು ಏರ್‌ಸ್ಟೋನಿನ ಗುಳ್ಳೆ ನಂಬಿ ಒಂಬತ್ತು ದಿನದಿಂದ ಬದುಕಿವೆ. ಇವರು ಹಿಂದೆ ಹಿಂದೆ ಪಂಪಿನ ಡಬ್ಬ ಹೊತ್ತು ಬಂದರು.

ಕೌಂಟರ್ ಅಕ್ಕ ಕೈ ಜೋಲಿಗೆ ಹಾಕಿಕೊಂಡು ಕೆಲಸಕ್ಕೆ ಬಂದಿದ್ದಳು. ಎಡಗೈಯಲ್ಲಿ ಟೈಪ್ ಮಾಡುತ್ತಿದ್ದಳು. ಹಾಲಿನಲ್ಲಿ ಏಳೆಂಟು ಪೇಷೆಂಟುಗಳು.

ಪಂಪು ಕೂರಿಸಿದೆ. ವಾಲ್ವು ಪೂರ್ತಿ ತೆಗೆದು ಶುರು ಮಾಡಿದೆ. ಗುಳುಗುಳು. ಬಿಗಿ ಮಾಡುತ್ತ ಬಂದೆ. ಸದ್ದು ಸಣ್ಣಗಾಯಿತು, ನಿಂತಿತು. ನೀರು ಒಂದು ಬೆರಳು ಏರಿ ಎಮರ್ಜೆನ್ಸಿ ಪೈಪಿಗೆ ದಾರದಂತೆ ಇಳಿಯತೊಡಗಿತು. ಅಷ್ಟೇ. ಅಷ್ಟೇ ಬೇಕಾದದ್ದು. ಇದನ್ನು ಮಾಡಿದಾಗ ಪ್ರತಿ ಸಲ ಎದೆಯೊಳಗೆ ಏನೋ ಹಗುರಾಗುತ್ತದೆ. ಇವತ್ತೂ ಆಯಿತು, ಸಿಟ್ಟಿದ್ದರೂ.

ಡಾಕ್ಟರನ್ನು ಕರೆದೆ. ಅಂಗೈಯಿಂದ ದೊಡ್ಡ ಪೈಪಿನ ಬಾಯಿ ಮುಚ್ಚಿ ಹಿಡಿದೆ. ನೀರು ಏರಿತು, ಏರಿತು... ಒಬ್ಬ ಪೇಷೆಂಟು ಕಾಲು ಮೇಲೆತ್ತಿಕೊಂಡ. ಎಮರ್ಜೆನ್ಸಿ ಪೈಪು ಗಟಗಟ ಕುಡಿಯತೊಡಗಿತು. ಏರುವುದು ನಿಂತಿತು. ಒಂದು ಹನಿ ಹೊರಗಿಲ್ಲ.

"ನೋಡಿದ್ರಾ ಸರ್? ಇದು ತೆರೆದಿದ್ರೆ ಉಕ್ಕೋದೇ ಇಲ್ಲ."

ಡಾಕ್ಟರು ಇವರ ಕಡೆ ತಿರುಗಿ ಅಂದರು — "ಚೆನ್ನಾಗಿ ಮಾಡ್ಸಿದ್ರಿ."

ನನ್ನ ಕೈ ಇನ್ನೂ ನೀರೊಳಗಿತ್ತು. ಆ ನೀರನ್ನೇ ಎರಚಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಇವರು ಕೆಮ್ಮಿದರು. ಕೌಂಟರಿನ ಕಡೆ ಒಂದು ಹೆಜ್ಜೆ ಇಟ್ಟರು.

"ಅಕ್ಕಾ... ನಮ್ಮ ಕಡೆಯಿಂದ ಒಂದು ತಪ್ಪಾಯ್ತು."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೇಳಿದಳು — "ನಮ್ಮ ಕಡೆ ಅಂದ್ರೆ ಯಾರು?"

ಡಾಕ್ಟರು ನಕ್ಕರು. "ಅಯ್ಯೋ ಹೋಗ್ಲಿ ಬಿಡಿ, ಯಾರಾದ್ರೇನೀಗ."

ಅಕ್ಕ ಜೋಲಿಯ ಕೈಯನ್ನು ಕೌಂಟರಿನ ಮೇಲೆ ಇಟ್ಟಳು. "ನನಗೆ ಬೇಕು ಸರ್."

ಇವರು ಉಬ್ಬಿದ ನೆಲ ನೋಡುತ್ತಿದ್ದರು. ಕಿವಿ ಕೆಂಪಗಾಗಿತ್ತು.

"ನಾನು," ಅಂದರು. "ಸ್ಪಂಜು ಇಟ್ಟಿದ್ದು ನಾನು. ಇವಳಿಗೆ ಗೊತ್ತೇ ಇರ್ಲಿಲ್ಲ. ಇವಳು ಮರೀತಾಳೆ ಅಂದಿದ್ದೂ ಸುಳ್ಳು."

ಸುಳ್ಳು ಅನ್ನುವ ಮಾತೂ ಹೇಳಬೇಕು ಅಂತ ನಾನು ಕೇಳಿರಲಿಲ್ಲ. ಅದನ್ನು ಅವರಾಗಿ ಸೇರಿಸಿದ್ದು.

ಅಕ್ಕ "ಸರಿ," ಅಂದಳು. ಪರವಾಗಿಲ್ಲ ಅನ್ನಲಿಲ್ಲ. ಯಾಕೆ ಅನ್ನಬೇಕು? ಮುಂದಿನ ಪೇಷೆಂಟಿನ ಹೆಸರು ಕೂಗಿದಳು.

ಹೊರಡುವಾಗ ಡಾಕ್ಟರು ಬಾಗಿಲವರೆಗೆ ಬಂದರು. ಯಾರನ್ನು ನೋಡಬೇಕೋ ತಿಳಿಯದೆ ನಮ್ಮಿಬ್ಬರ ನಡುವಿನ ಗೋಡೆ ನೋಡುತ್ತ ಕೇಳಿದರು — "ಮತ್ತೆ... ಯಾವತ್ತು ಬರ್ತೀರಾ?"

"ಮಂಗಳವಾರ. ನಾನು ಬರ್ತೀನಿ," ಅಂದೆ.

ದಾರಿಯಲ್ಲಿ ಇವರು ಕೇಳಿದರು — "ಸಮಾಧಾನ ಆಯ್ತಾ?"

ಸಮಾಧಾನವಂತೆ! ನನ್ನ ಮೇಲೆ ಉಪಕಾರ ಮಾಡಿದ ಹಾಗೆ. ಒಂಬತ್ತು ದಿನ ಹೊತ್ತು ತಿರುಗಿದ್ದನ್ನು ಇಳಿಸಿಕೊಂಡದ್ದಕ್ಕೆ ನಾನು ಥ್ಯಾಂಕ್ಸ್ ಹೇಳಬೇಕೇ? ಇಲ್ಲ ಅಂದೆ. ಆದರೆ ಬಾಯಲ್ಲಿ ಅಂದೆ. ಚೀಟಿ ಬರೆಯಲಿಲ್ಲ.

ಮಾರ್ಚ್ 21, ಶನಿವಾರ, ಬೆಳಿಗ್ಗೆ ಹತ್ತು

ಅಂಗಡಿ. ಗಿರಾಕಿ ಯಾರೂ ಇಲ್ಲ. ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಇವರು ಅಂಗಿಯ ತೋಳು ಮಡಚಿಕೊಂಡು ಶೋ ಟ್ಯಾಂಕಿನ ಕ್ಯಾಬಿನೆಟ್ಟಿನೊಳಗೆ ತಲೆ ತೂರಿಸಿದ್ದಾರೆ. ಕಾಲು ಮಾತ್ರ ಕಾಣುತ್ತಿದೆ. ಯಾರೂ ಹೇಳಿದ್ದಲ್ಲ, ತಾವಾಗಿಯೇ ಕೂತದ್ದು. ಕಾಲು ಗಂಟೆಯಾಯಿತು.

"ಸ್ವಲ್ಪ ಬರ್ತೀಯಾ? ಇದು ಯಾವ ಕಡೆ ತಿರುಗಿಸ್ಬೇಕು?"

ಹೋಗುವುದಿಲ್ಲ. ಇನ್ನೂ ಹತ್ತು ನಿಮಿಷ ಒದ್ದಾಡಲಿ. ಮಂಡಿ ನೋಯಲಿ. ಐದು ನಿಮಿಷದಲ್ಲಿ ಮುಗಿಸುವವರಲ್ಲವೇ.

ಮತ್ತೆ ಕರೆಯುತ್ತಿದ್ದಾರೆ. ನೀರಿನ ಸದ್ದು ಬದಲಾಯಿತು. ಬಿಗಿ ಮಾಡುತ್ತಿದ್ದಾರೆ. ಇನ್ನೂ ಬಿಗಿ. ಅಯ್ಯೋ, ಬಲಕ್ಕಲ್ಲ, ಎಡಕ್ಕೆ, ಎಡ—