ಅರ್ಧ ಇಂಚು

ಮಾರ್ಚ್ ಹನ್ನೆರಡು, ಬುಧವಾರ

ಆ ಅರ್ಧ ಇಂಚು ಮಧ್ಯಾಹ್ನದಿಂದ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿದೆ.

ನಮ್ಮ ದರ್ಜಿಗಳ ಆನ್‌ಲೈನ್ ಗುಂಪು ಶುರುವಾದಾಗ ಅಲ್ಲಿ ಬರೀ ಪೈಪೋಟಿ. ಯಾರು ಹೊಲಿದ ಅಂಗಿಗೆ ಎಷ್ಟು ಲೈಕ್ ಎಂದು ನೋಡುವುದೇ ಕೆಲಸ. ನನ್ನ ಕಾಲರಿನ ಅಳತೆಗೆ ಎಲ್ಲರೂ ದುಂಬಾಲು ಬಿದ್ದಾಗ ಕೊಟ್ಟೆ, ಬೇಕೆಂದೇ ಅರ್ಧ ಇಂಚು ಕಡಿಮೆ ಬರೆದು. ಹಾಳಾಗಲಿ ಅವರ ಬಟ್ಟೆ, ಅದರಲ್ಲೂ ಎದುರು ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳದು ಎಂದು.

ಈಗ ಅದೇ ಗುಂಪಿನಲ್ಲಿ ದೊಡ್ಡ ಆರ್ಡರ್ ಬಂದರೆ ಹಂಚಿಕೊಂಡು ಹೊಲಿಯುತ್ತಾರೆ. ಇವತ್ತು ಕೋಟಿನ ತೋಳು ಎಷ್ಟು ಬಿಚ್ಚಿ ಹೊಲಿದರೂ ಸುಕ್ಕು ಹೋಗದೆ, ನಾಚಿಕೆ ಬಿಟ್ಟು ನಾನೂ ಅಲ್ಲಿ ಸಹಾಯ ಕೇಳಿದೆ. ಕಾಲು ಗಂಟೆಯಲ್ಲಿ ಎದುರು ಬೀದಿಯವಳೇ ಅಂಗಡಿಗೆ ಬಂದು ತೋಳು ಕೂರಿಸಿಕೊಟ್ಟಳು. ಹೊರಡುವಾಗ ಮೆಲ್ಲಗೆ ಅಂದಳು:

"ಅಕ್ಕಾ, ಅವತ್ತು ನಿಮ್ ಕಾಲರ್ ಅಳತೇಲಿ ಅರ್ಧ ಇಂಚು ಕೈತಪ್ಪಿ ಕಮ್ಮಿ ಆಗಿತ್ತು. ಗುಂಪಲ್ಲಿ ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸರಿ ಮಾಡಿ ಒಬ್ಬೊಬ್ರಿಗೇ ಕಳಿಸ್ದೆ."

"ಕಣ್ಣು ಮಂಜು ಕಣೇ," ಅಂದುಬಿಟ್ಟೆ.

ಕಣ್ಣಿಗೇನೂ ಆಗಿಲ್ಲ. 'ಕೈತಪ್ಪಿ ಆದದ್ದಲ್ಲ' ಎಂದು ಅವಳಿಗೆ ಮೂರು ಸಲ ಬರೆದು ಅಳಿಸಿದೆ. ಅವಳು ತಿದ್ದಿದ ಆ ಅಳತೆಯನ್ನು ಗುಂಪಿನವರೆಲ್ಲ ಕರೆಯುವುದು 'ಅಕ್ಕನ ಕಾಲರ್' ಎಂದು.