ಮಾಚಣ್ಣಾ, ನಿನ್ನ ಗಾಡಿಗೆ ಐದು ಹೊಸ ಟೈರು

ನನ್ನ ಮಾಚಣ್ಣನಿಗೆ,

ಅಂತೂ ಹಾಕಿಸಿಬಿಟ್ಟೆ ಕಣಣ್ಣಾ. ಐದೂ. ಸ್ಟೆಪ್ನಿ ಸೇರಿ. ಒಂದೇ ಸಲಕ್ಕೆ ಆಗಲಿಲ್ಲ ಬಿಡು, ಮೊದಲು ಎರಡು ಹಾಕಿಸಿ ಎಡವಟ್ಟು ಮಾಡಿಕೊಂಡೆ, ನಿನ್ನ ಮಗಳು ದೇಚುವಿನ ಕೈಲಿ ಉಗಿಸಿಕೊಂಡೆ, ಆಮೇಲೆ ಐದು. ನೀನಿದ್ದಿದ್ದರೆ ಮೊದಲನೇ ದಿನವೇ "ಲೋ ನಂಜುಂಡ, ಗಾಳಿ ಟೈರಿಗೆ ಹಿಡಿಸೋ, ತಲೆಗಲ್ಲ" ಅಂತಿದ್ದೆ. ಈಗ ನಿನ್ನ ಮನೆಯ ಊಟದ ಮೇಜಿನ ಮುಂದೆ ಕೂತು, ದೇಚುವಿನ ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಅವಳು ಕೆಳಗೆ ಪಾರ್ಕಿಂಗಿನಲ್ಲಿ ಗಾಡಿ ತೊಳೆಯುತ್ತಿದ್ದಾಳೆ. ಅತ್ತಿಗೆ ಅಡುಗೆಮನೆ ಸೇರಿದ್ದಾರೆ. ನಾಳೆ ನಿನ್ನ ಮಗಳು ಹೊರಡುತ್ತಾಳೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ. ಐದನೇ ಕ್ಲಾಸಿನವನ ಕಾಗದ, ತಪ್ಪಿದ್ದರೆ ಅಲ್ಲಿಂದಲೇ ತಿದ್ದಿಕೋ.

ದೇಚುವಿಗೆ ಕೆಲಸದ ಕಾಗದ ಬಂದ ದಿನ ನೀನು ಈ ಮನೆಯಲ್ಲಿ ಇರಬೇಕಿತ್ತು. ಹಿಮಾಚಲದಲ್ಲಿ ಒಂದು ಬೆಟ್ಟದ ಊರು, ಹತ್ತು ಹಾಸಿಗೆಯ ಸರ್ಕಾರಿ ಆಸ್ಪತ್ರೆ, ಅದಕ್ಕೆ ನಮ್ಮ ದೇಚು ಡಾಕ್ಟರು! ಹುಡುಗಿ ಮನೆ ತುಂಬ ಕುಣಿದಳು. ಅತ್ತಿಗೆ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಹಿಮ ಬೀಳೋ ರಸ್ತೇಲಿ ಒಬ್ಳೇ ಓಡಾಡ್ತೀಯಾ?"

"ಮಮ್ಮಿ, ಪಾಪಾ ಕೀ ಗಾಡಿ ಹೈ ನಾ. ಫೋರ್ ಬೈ ಫೋರ್. ಬೆಟ್ಟಕ್ಕೇ ಮಾಡಿರೋದು ಅದು."

"ಎಂಜಿನ್ನಿಗೆ ಎಷ್ಟು ಶಕ್ತಿ ಇದ್ರೇನು? ನೆಲ ಹಿಡ್ಕೊಳ್ಳೋದು ಟೈರು ತಾನೇ? ಅವನ್ನ ನೋಡಿದ್ಯಾ, ನಿಮ್ಮ ಚಾಚು ತಲೆ ಥರ ನುಣ್ಣಗಾಗಿವೆ."

ನಾನು ತಲೆ ಸವರಿಕೊಂಡು ಏನೋ ಹೇಳಲು ಹೋದೆ. ಅತ್ತಿಗೆ ಬೆರಳೆತ್ತಿದರು. "ನಂಜುಂಡ, ಟೈರು ನೀನೇ ನೋಡಿ ಹಾಕ್ಸು. ಹಾಕ್ಸಿದ ಮೇಲೆ ನನ್ನ ಮುಂದೆ ನಿಂತು, ತಮಾಷೆ ಮಾಡ್ದೆ, ಕಳಿಸ್ಬೋದು ಅಂತ ಹೇಳು. ಆಮೇಲೆ ಯೋಚ್ನೆ ಮಾಡ್ತೀನಿ."

ತಮಾಷೆ ಮಾಡದೆ! ಅಣ್ಣಾ, ನಲವತ್ತೆಂಟು ವರ್ಷದಲ್ಲಿ ಇಷ್ಟು ಕಷ್ಟದ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ.

ನೀನು ಮಿಲಿಟರಿ ಗಾಡಿ ಓಡಿಸಿ ರಿಟೈರಾಗಿ ಗ್ರೇಟರ್ ನೋಯ್ಡಾಕ್ಕೆ ಬಂದ ಹೊಸತು ನೆನಪಿದೆಯಾ? ನಾನು ಇದೇ ಅಪಾರ್ಟ್‌ಮೆಂಟ್ ಸೊಸೈಟಿಯ ಮಕ್ಕಳನ್ನು ಸ್ಕೂಲ್ ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದೆ. ಒಂದು ದಿನ ಯಾರದೋ ಗಾಡಿಯ ಅಡಿಯಿಂದ ಎರಡು ಕಾಲು ಆಚೆ ಬಂದಿದ್ದವು, ಒಳಗಿನಿಂದ ಅಚ್ಚ ಕನ್ನಡದಲ್ಲಿ ಬೈಗುಳ. ದೆಹಲಿಗೆ ಬಂದು ಅಷ್ಟು ವರ್ಷವಾದ ಮೇಲೆ ಅಂಥ ಸೊಗಸಾದ ಬೈಗುಳ ಕೇಳಿ ನನಗೆ ಕಣ್ಣಲ್ಲಿ ನೀರೇ ಬಂತು. ಬಗ್ಗಿ "ಅಣ್ಣಾ, ಇನ್ನೊಂದ್ಸಲ ಬೈಯಿ" ಅಂದೆ. ಅವತ್ತಿನಿಂದ ಪ್ರತಿ ಭಾನುವಾರ ನಿನ್ನ ಗಾಡಿಯೇ ನನ್ನ ದೇವಸ್ಥಾನ. ಚಕ್ರ ಬಿಚ್ಚುವುದು, ಹಿಂದಿನದು ಮುಂದಕ್ಕೆ, ಮುಂದಿನದು ಹಿಂದಕ್ಕೆ, ಸ್ಟೆಪ್ನಿಗೂ ಒಂದು ಸರದಿ, ಎಲ್ಲಾ ನೀನು ಕಲಿಸಿದ್ದು. "ನಾಲ್ಕೂ ಚಕ್ರಕ್ಕೆ ಬಲ ಹೋಗೋ ಗಾಡಿ ಕಣೋ ಇದು. ನಾಲ್ಕೂ ಒಂದೇ ಎತ್ತರ ಇರ್ಬೇಕು. ಒಂದು ಉದ್ದ ಒಂದು ಗಿಡ್ಡ ಆದ್ರೆ ಒಳಗೆ ಗೇರುಗಳು ಹೊಡೆದಾಡ್ತವೆ" ಅಂದಿದ್ದೆ. ನಮ್ಮ ಮನೆಯಲ್ಲೂ ಐದು ಜನ ಮಕ್ಕಳು, ಐದೂ ಬೇರೆ ಬೇರೆ ಎತ್ತರ, ಅದಕ್ಕೇ ಮನೆ ಮುಂದಕ್ಕೆ ಹೋಗಲಿಲ್ಲ ಅಂದೆ. ಸ್ಪ್ಯಾನರ್ ಎತ್ತಿಕೊಂಡು ಅಟ್ಟಿಸಿಕೊಂಡು ಬಂದಿದ್ದೆ.

ಆಮೇಲೆ ನಿನ್ನ ಡಯಾಲಿಸಿಸ್ ಶುರುವಾಯಿತಲ್ಲ… ವಾರಕ್ಕೆ ಮೂರು ಸಲ ದೆಹಲಿಯ ಆಸ್ಪತ್ರೆಗೆ ಹೋಗಿ ಬರುವುದು. ಒಂದು ಬೆಳಿಗ್ಗೆ ಮಂಜು ಮುಸುಕಿ ಕಾಣದೆ ನಾನು ಗಾಡಿಯನ್ನು ದೊಡ್ಡ ಹೊಂಡಕ್ಕೆ ಇಳಿಸಿಬಿಟ್ಟೆ. ಚಕ್ರ ಓರೆಯಾಗಿ ಅಲೈನ್‌ಮೆಂಟ್ ಹೋಯಿತು ಅಂತ ನಿನಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಸರಿಮಾಡಿಸಲು ಪುರುಸೊತ್ತು ಯಾರಿಗಿತ್ತು? ಚಕ್ರ ಅದಲುಬದಲು ಮಾಡುವುದೂ ನಿಂತೇಹೋಯಿತು. ಮುಂದಿನ ಎರಡು ಟೈರಿನ ನೆಲ ಕಚ್ಚುವ ಬಟನ್ ಒಳಗಡೆಯಿಂದ ಸವೆದು ನುಣ್ಣಗಾಯಿತು, ಹಿಂದಿನವು ಹಾಗೇ ಉಳಿದವು. ನೀನು ಹೋದ ಮೇಲೆ ಗಾಡಿ ಪಾರ್ಕಿಂಗಿನಲ್ಲೇ ನಿಂತಿತು. ನಿಂತಲ್ಲೇ ನಿಂತರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ ಅಂತ ನಾನು ಭಾನುವಾರ ಬಂದು ಎಂಜಿನ್ ಶುರುಮಾಡಿ ಒಂದು ವಾರ ಒಂದಡಿ ಮುಂದಕ್ಕೆ, ಇನ್ನೊಂದು ವಾರ ಒಂದಡಿ ಹಿಂದಕ್ಕೆ ಬಿಡುತ್ತಿದ್ದೆ. ಗಾರ್ಡ್ ಭಯ್ಯಾ ಎರಡು ವರ್ಷ ನೋಡಿ ನೋಡಿ, "ಎಲ್ಲಿಗೆ ಹೊರಟ್ರಿ?" ಅಂತ ಕೇಳಿದ. "ಇನ್ನೂ ನಿರ್ಧಾರ ಆಗಿಲ್ಲ" ಅಂದೆ.

ಟೈರಿನಂಗಡಿಗೆ ಮೊದಲನೇ ಸಲ ಹೋದಾಗ ನೀನಿಲ್ಲದೆ ಮಜವೇ ಬರಲಿಲ್ಲ. ಅಂಗಡಿಯವನ ಹೊಟ್ಟೆ ಟ್ರ್ಯಾಕ್ಟರಿನ ಟ್ಯೂಬಿನಂತಿತ್ತು. ಗಾಡಿ ನೋಡಿದವನೇ ಅಗಲವಾದ ಎರಡು ಟೈರು ಉರುಳಿಸಿಕೊಂಡು ಬಂದ.

"ಯೇ ಲಗಾವೋ ಭಾಯಿಸಾಬ್, ಲುಕ್ ಆ ಜಾಯೇಗಾ!"

"ನಲವತ್ತೆಂಟು ವರ್ಷ ಕಾದರೂ ನನಗೇ ಲುಕ್ ಬರಲಿಲ್ಲ ಭಯ್ಯಾ, ಗಾಡಿಗೆ ಯಾಕೆ?" ಅಂದೆ, ನನ್ನ ಮುರುಕು ಹಿಂದಿಯಲ್ಲಿ.

ನಕ್ಕ. ನಕ್ಕು, ಬಗ್ಗಿ ಚಕ್ರ ನೋಡಿ, "ಫೋರ್ ಬೈ ಫೋರ್ ಹೈ. ಚಾರೋಂ ಬದಲೋ" ಅಂದ. ನಾಲ್ಕನ್ನೂ ಬದಲಾಯಿಸು ಅಂತ. ನೀನು ಕಲಿಸಿದ ಪಾಠವನ್ನೇ ಅವನು ಹಿಂದಿಯಲ್ಲಿ ಹೇಳಿದ. ಆದರೆ ಹಿಂದಿನ ಎರಡು ಟೈರು ನೀನು ಕೊನೆಯ ಸಲ ನಿಂತು ಆರಿಸಿದ್ದಲ್ಲವಾ ಅಣ್ಣಾ? ನಿನ್ನ ಇಷ್ಟದ ದಪ್ಪ ಬಟನ್ನಿನ ಕೆಸರು ಟೈರು. ಮೂಸಿ ನೋಡಿ, ತಟ್ಟಿ ನೋಡಿ, ಹಸು ಕೊಳ್ಳುವವನ ಹಾಗೆ ಸುತ್ತು ಹಾಕಿ ತಂದಿದ್ದೆ. ಅವನ್ನು ಬಿಚ್ಚಿ ಎಸೆಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ಅದೇ ಜಾತಿಯ ಎರಡು ಹೊಸವನ್ನು ಮುಂದಕ್ಕೆ ಮಾತ್ರ ಹಾಕಿಸಿದೆ. ಎತ್ತರದಲ್ಲಿ ವ್ಯತ್ಯಾಸ ಇತ್ತಾ? ಅಳೆಯಲಿಲ್ಲ. ಅಳೆದರೆ ಗೊತ್ತಾಗಿಬಿಡುತ್ತದೆ ಅಂತಲೇ ಅಳೆಯಲಿಲ್ಲ.

ಮರುದಿನ ಸೆಕ್ಟರಿನ ಹಿಂದೆ, ಇನ್ನೂ ಮನೆ ಕಟ್ಟದ ಪ್ಲಾಟುಗಳ ನಡುವಿನ ಮಣ್ಣು ರಸ್ತೆಗೆ ದೇಚುವನ್ನು ಕರೆದುಕೊಂಡು ಹೋದೆ. ಓಡಿಸುತ್ತಿದ್ದವಳು ಅವಳೇ. ನಾಲ್ಕು ಚಕ್ರಕ್ಕೂ ಬಲ ಹೋಗುವ ಲಿವರ್ ಎಳೆದು ಸ್ವಲ್ಪ ದೂರ ಹೋದಳು, ಹುಬ್ಬು ಗಂಟಿಕ್ಕಿದಳು.

"ಚಾಚು, ಏನೋ ಗಡ್‌ಬಡ್ ಹೈ. ಯಾರೋ ಹಿಂದಿಂದ ಹಿಡ್ಕೊಂಡಂಗೆ ಇದೆ."

"ನಿಮ್ಮಪ್ಪ ಇರ್ಬೋದು."

ನಗಲಿಲ್ಲ. ಗಾಡಿ ನಿಲ್ಲಿಸಿ ಲಿವರ್ ವಾಪಸ್ ತಳ್ಳಿದಳು, ಬರಲಿಲ್ಲ. ಕಚ್ಚಿಕೊಂಡುಬಿಟ್ಟಿತ್ತು. ನಾಲ್ಕು ಮಾರು ಹಿಂದಕ್ಕೆ ಬಿಟ್ಟ ಮೇಲೆ ಟಕ್ ಅಂತ ಸದ್ದು ಮಾಡಿ ಬಿಟ್ಟುಕೊಂಡಿತು. ಅವಳು ಇಳಿದು ಹಿಂದಿನ ಟೈರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ರಬ್ಬರಿಗೆ ಉಗುರು ಒತ್ತಿದಳು, ಇಳಿಯಲಿಲ್ಲ. ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿ ಓದಿದಳು. ಯಾವ ವಾರ ಯಾವ ವರ್ಷ ತಯಾರಾಯಿತು ಅಂತ ಹೇಳುವ ಅಂಕಿ, ಅದನ್ನು ಓದಲು ಅವಳಿಗೂ ನೀನೇ ಕಲಿಸಿದ್ದು.

"ಬಟನ್ ಇದೆ, ಆದ್ರೆ ರಬ್ಬರ್ ಕಲ್ಲಾಗಿದೆ. ಬುಡ್ಢೇ ಹೋ ಗಯೇ, ಮುದಿಯಾಗಿವೆ ಚಾಚು. ಎತ್ತರನೂ ಬೇರೆ. ಚಾರೋಂ ಸೇಮ್ ಇರ್ಬೇಕು ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ತೋ ಫಿರ್? ಮತ್ಯಾಕೆ?"

"ನಿಮ್ಮಪ್ಪ ಕೈಯಾರೆ ಮುಟ್ಟಿ ತಂದಿದ್ದು, ಪುಟ್ಟ…"

ಅವಳು ನನ್ನ ಮುಖವನ್ನೇ ನೋಡಿದಳು. "ನನ್ನನ್ನೂ ಮುಟ್ಟಿ ಬೆಳೆಸಿದಾರಲ್ಲ ಚಾಚು. ನಾನು ಇದ್ರ ಮೇಲೆ ಕೂತು ಬೆಟ್ಟ ಹತ್ಬೇಕು."

ಅಣ್ಣಾ, ಆವತ್ತು ನನ್ನ ಬಾಯಲ್ಲಿ ಒಂದು ಜೋಕೂ ಇರಲಿಲ್ಲ. ಹುಡುಕಿದೆ. ಇರಲಿಲ್ಲ.

ನಿನ್ನೆ ಮತ್ತೆ ಅಂಗಡಿಗೆ ಹೋದೆವು. ಈ ಸಲ ಆರಿಸಿದವಳು ಅವಳು, ನಾನು ಹೊತ್ತವನು. ನುಣುಪು ರಸ್ತೆಯ ಟೈರು ಬೇಡ ಅಂದಳು, ಸದ್ದು ಕಡಿಮೆ ನಿಜ, ಆದರೆ ಕಲ್ಲಿನ ದಾರಿಯಲ್ಲಿ ಅದರ ಕೈಲಾಗದು. ನಿನ್ನ ಕೆಸರು ಟೈರೂ ಬೇಡ ಅಂದಳು, ಬೇಜಾರು ಮಾಡಿಕೊಳ್ಳಬೇಡ. ಕೆಸರಲ್ಲಿ ಅದು ರಾಜ, ಒದ್ದೆ ಡಾಂಬರಿನ ಮೇಲೆ ಕುಡುಕ. ನಿನ್ನ ಜೊತೆ ಮಳೆಯಲ್ಲಿ ಎಷ್ಟು ಸಲ ಜಾರಿಲ್ಲ, ನಾನು ಕಣ್ಣು ಮುಚ್ಚಿ ನಂಜನಗೂಡಿಗೆ ಹರಕೆ ಹೊತ್ತಿಲ್ಲ? ಎರಡರ ನಡುವಿನದೊಂದು ಸಿಕ್ಕಿತು, ಕಲ್ಲಿಗೂ ಆಗುತ್ತದೆ, ಡಾಂಬರಿಗೂ ಆಗುತ್ತದೆ. ಹಿಮಕ್ಕೂ ಸೈ ಅನ್ನುವುದಕ್ಕೆ ಪಕ್ಕದಲ್ಲಿ ಬೆಟ್ಟದ ಗುರುತು ಒತ್ತಿತ್ತು. ಗಾಡಿಯ ಜೊತೆ ಬಂದ ಅಳತೆಯೇ ಇರಲಿ ಅಂದಳು, ಅಗಲದ್ದು ಬೇಡ. ಐದರ ಅಂಕಿಯನ್ನೂ ಕೂತು ಓದಿದಳು. ಒಂದು ಹಳೆಯದು ಅಂತ ವಾಪಸ್ ಕಳಿಸಿದಳು. ಅಂಗಡಿಯವನು "ಮೇಡಂ ಮಿಲಿಟರೀನಾ?" ಅಂತ ನನ್ನ ಕಿವಿಯಲ್ಲಿ ಕೇಳಿದ. "ಇಲ್ಲ, ಇದು ಅವರಪ್ಪನ ಕಾಯಿಲೆ" ಅಂದೆ. ನಾನು ಹಾಕಿಸಿದ್ದ ಎರಡನ್ನು ಅವನೇ ವಾಪಸ್ ಇಟ್ಟುಕೊಂಡ, ಈ ಮನುಷ್ಯ ಇಲ್ಲೇ ಅತ್ತುಬಿಡುತ್ತಾನೆ ಅಂತ ಹೆದರಿರಬೇಕು.

ನಿನ್ನ ಹಳೆಯ ಟೈರು ಎರಡನ್ನೂ ಗೋಡೆಗೆ ಒರಗಿಸಿದ್ದರು. ಬಟನ್ ಇನ್ನೂ ಚೆನ್ನಾಗಿರುವುದರಿಂದ ಕಪ್ಪು ಪಾಲಿಶ್ ಹಚ್ಚಿ ಯಾರಿಗಾದರೂ ಮಾರಿಬಿಡುತ್ತಾರೆ ಅಂತ ನನಗೆ ಗೊತ್ತು. ಯಾರದೋ ಮಗು ಅದರ ಮೇಲೆ ಕೂತು ಹೋಗುತ್ತದೆ… "ಭಯ್ಯಾ, ಚಾಕು ಕೊಡು" ಅಂದೆ. ಎರಡರ ಪಕ್ಕೆಯನ್ನೂ ನಾನೇ ಕೊಯ್ದೆ ಅಣ್ಣಾ. ಕಲ್ಲಿನ ಹಾಗಿತ್ತು, ಕೈ ನೋಯುವ ತನಕ ಕೊಯ್ದೆ. ದೇಚು ಇನ್ನೊಂದು ಕಡೆಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ತಪ್ಪು ಮಾಡಿದೆನಾ? ನೀನೂ ಅದನ್ನೇ ಮಾಡುತ್ತಿದ್ದೆ ಅಂದುಕೊಂಡಿದ್ದೇನೆ.

ಇವತ್ತು ಬೆಳಿಗ್ಗೆ ಅತ್ತಿಗೆಯ ಮುಂದೆ ನಿಂತೆ. ಶರ್ಟು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದೆ, ಕೋರ್ಟಿಗೆ ಬಂದವನ ಹಾಗೆ.

"ಹೇಳು" ಅಂದರು.

ಮೊದಲಿಂದ ಹೇಳಿದೆ. ಎರಡೇ ಹಾಕಿಸಿದ್ದು, ಗಾಡಿ ಕಚ್ಚಿಕೊಂಡಿದ್ದು, ಎಲ್ಲ.

"ಗೊತ್ತಿದ್ದೂ ಹಾಕ್ಸಿದ್ಯಾ?"

"ಗೊತ್ತಿದ್ದೂ, ಅತ್ತಿಗೆ."

"ಈಗ?"

"ಈಗ ಐದೂ ಹೊಸದು, ಐದೂ ಒಂದೇ. ಅಲೈನ್‌ಮೆಂಟೂ ಆಯ್ತು. ಆದ್ರೂ ಹಿಮ ಗಟ್ಟಿಯಾದ ಕಡೆ ಯಾವ ಟೈರೂ ನಿಲ್ಲಲ್ಲ. ಅಲ್ಲಿ ಚಕ್ರಕ್ಕೆ ಚೈನ್ ಕಟ್ಬೇಕು, ಇಲ್ಲಾ ಹೋಗ್ದೆ ಕಾಯ್ಬೇಕು. ಚೈನ್ ಕಟ್ಟೋದು ಅವಳ ಕೈಲಿ ಮೂರು ಸಲ ಮಾಡ್ಸಿದೀನಿ. ಅತ್ತಿಗೆ, ತಪ್ಪು ಮಾಡ್ದೋನು ನಾನು, ಕಂಡುಹಿಡಿದೋಳು ಅವಳು. ನಾನು ಟೈರು ನೋಡಿ ಹೇಳ್ತಿಲ್ಲ, ಅವಳನ್ನ ನೋಡಿ ಹೇಳ್ತಿದೀನಿ. ಕಳಿಸ್ಬೋದು."

ಅತ್ತಿಗೆ ನನ್ನನ್ನೇ ನೋಡಿದರು. ಎಲ್ಲಾದರೂ ನಗು ಬಂದು ನನ್ನ ತುಟಿ ಅಲುಗುತ್ತದಾ ಅಂತ ನೋಡಿರಬೇಕು. ಅಲುಗಲಿಲ್ಲ. "ಕಾಫಿ ಕುಡಿದ್ಯಾ?" ಅಂದವರು ಉತ್ತರಕ್ಕೂ ಕಾಯದೆ ಒಳಗೆ ಹೋದರು. ಆಗಿನಿಂದ ಒಗ್ಗರಣೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇದಕ್ಕೆ ಏನರ್ಥ ಅಣ್ಣಾ? ನೀನು ಮೂವತ್ತು ವರ್ಷ ಸಂಸಾರ ಮಾಡಿದವನು, ನಿನಗಾದರೂ ಗೊತ್ತಿರುತ್ತಿತ್ತೋ ಏನೋ.

ಕಳಿಸಿದರೆ ನಿನಗೊಂದು ಮಾತು ಕೊಡುತ್ತೇನೆ. ಆರಾರು ತಿಂಗಳಿಗೆ ಸ್ಕೂಲಿಗೆ ರಜೆ ಬಿದ್ದಾಗ ಬಸ್ಸು ಹತ್ತಿ ಹೋಗಿ, ಐದೂ ಚಕ್ರ ಅದಲುಬದಲು ಮಾಡಿ ಬರುತ್ತೇನೆ. ಈ ಸಲ ಮರೆಯುವುದಿಲ್ಲ. ಕಳಿಸದಿದ್ದರೆ… ಕಳಿಸದಿದ್ದರೆ ಆ ಹುಡುಗಿಯ ಮುಖವನ್ನು ನಾನು ಹೇಗೆ…

ತಡಿ, ಅತ್ತಿಗೆ ಕೂಗುತ್ತಿದ್ದಾರೆ.

"ನಂಜುಂಡಾ! ಊಟಕ್ಕೆ ಬಾ. ಅವಳನ್ನೂ ಕೆಳಗಿಂದ ಕೂಗು. ನಾಳೆ ದಾರಿಗೆ ಏನು ಕಟ್ಟಿಕೊಡ್ಲಿ ಅಂತ ಕೇಳ್ಬೇಕು."