ಸಹಿ ಹಾಕಲಿಲ್ಲ

ಮಂಗಳವಾರ, ನವೆಂಬರ್ 12

ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥ ಹೆಫಿನ್ ಆಡಿದ ಮಾತು ಇನ್ನೂ ಮೈ ಉರಿಸುತ್ತಿದೆ. "ನೆರಿಸ್, ನೀನು ವಾರಕ್ಕೊಂದಿನ ಪಾಠಕ್ಕೆ ಬರೋಳು. ಪಾಸು ಫೇಲು ನಮಗೆ ಬಿಡು."

ಬೆಳಿಗ್ಗೆ ಆಸ್ಟಿಯೋಪಥಿ, ಅಂದರೆ ಮೂಳೆ-ಕೀಲುಗಳನ್ನು ಕೈಯಿಂದಲೇ ಸರಿಪಡಿಸುವ ಚಿಕಿತ್ಸೆಯ, ಕೊನೆಯ ವರ್ಷದ ಪರೀಕ್ಷೆ. ಕಾರ್ಡಿಗನ್ ಊರಿನ ಕಡೆಯ ಮುದಿ ಮೀನುಗಾರರೊಬ್ಬರು ಸೊಂಟನೋವೆಂದು ಬಂದಿದ್ದರು. ಪರೀಕ್ಷೆ ಕೊಡುತ್ತಿದ್ದ ವಿದ್ಯಾರ್ಥಿ ಯೆಸ್ಟಿನ್‌ನ ಕೈಗುಣ ಒಳ್ಳೆಯದು, ಒಪ್ಪುತ್ತೇನೆ. ಆದರೆ ಮೂತ್ರ ಸರಿಯಾಗಿ ಹೋಗುತ್ತಿದೆಯೇ, ತೊಡೆಸಂದು ಜೋಮು ಹಿಡಿದಿದೆಯೇ ಎಂದು ಕೇಳದೆಯೇ ಬೆನ್ನು ತಿರುಚಲು ಹೊರಟ. ಅವನ ಕೈ ಹಿಡಿದು ನಿಲ್ಲಿಸಿ ನಾನೇ ಕೇಳಿದೆ.

"ನಿನ್ನೆಯಿಂದ ಹೋಗೇ ಇಲ್ಲ ಕಣಮ್ಮ," ಎಂದರು. ಬೆನ್ನಿನ ಕೆಳಗಿನ ನರಗಳು ಅದುಮಿವೆ, ತಿರುಚಿದರೆ ಕಾಲೇ ಹೋದೀತು ಎಂದು ಕೂಡಲೇ ಕಳಿಸಿದೆ; ಮಧ್ಯಾಹ್ನವೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು.

"ಏನೂ ಅನಾಹುತ ಆಗ್ಲಿಲ್ವಲ್ಲ!" ಎಂದ ಹೆಫಿನ್.

"ನಾನಿದ್ದೆ, ಅದಕ್ಕೆ ಆಗ್ಲಿಲ್ಲ. ಮಿಕ್ಕ ದಿನ ನನ್ನ ಕ್ಲಿನಿಕ್ಕಲ್ಲಿ ನಾನು ಮುಟ್ಟೋದು ಪುಸ್ತಕ ಅಲ್ಲ, ಜನರ ಬೆನ್ನು. ಬೇಕಾದ್ರೆ ನನ್ನ ತೆಗೆದುಹಾಕು. ಪಾಸು ಅಂತ ಸಹಿ ಹಾಕಲ್ಲ."

ಫೇಲ್ ಎಂದು ಬರೆದು ಹೊರಬಂದೆ. ಕಾರಿನ ಹತ್ತಿರ ಯೆಸ್ಟಿನ್ ಕಾದಿದ್ದ. ಜಗಳಕ್ಕೇ ಬಂದನೆಂದುಕೊಂಡೆ.

"ಅವರ ಹೆಸರೇನು, ನೆರಿಸ್? ಆಸ್ಪತ್ರೆಗೆ ಹೋಗಿ ನೋಡ್ಬೇಕು."

ಹೆಸರೂ ಕೇಳಿರಲಿಲ್ಲ, ಹುಡುಗ! ಹೇಳಿದೆ. ಬರುವ ಮಂಗಳವಾರ ನನ್ನನ್ನು ಒಳಗೆ ಬಿಡದಿದ್ದರೂ ಚಿಂತೆಯಿಲ್ಲ. ಇವನಿಗೆ ನನ್ನ ಕ್ಲಿನಿಕ್ಕಿನಲ್ಲೇ ಕಲಿಸುತ್ತೇನೆ. ಮೊದಲು ಕೇಳುವುದನ್ನು, ಆಮೇಲೆ ಮುಟ್ಟುವುದನ್ನು. ಕಣ್ಣು ಎಳೆಯುತ್ತಿದೆ...